ಮೂವರಲ್ಲಿ ಒಬ್ಬಳು

ಹಿಂದಿನ ಸಂಜೆಯ ಕಛೇರಿ ಎಷ್ಟು ಚೆನ್ನಾಗಿ ಆಗಿತ್ತೆಂದರೆ, ಬೆಳಿಗ್ಗೆ ಎದ್ದಾಗಲೂ ಸುಮನಳ ಕಿವಿಯಲ್ಲಿ ಚಪ್ಪಾಳೆ ಇನ್ನೂ ಆರಿರಲಿಲ್ಲ. ಅದಕ್ಕೆ ಮೊದಲು ಬೀದರಿನ ರಂಗಮಂದಿರದಲ್ಲಿ ಪಿಯಾನೊ ಕಛೇರಿಯೊಂದು ನಡೆದದ್ದನ್ನು ಅವಳಿಗೆ ಗೊತ್ತಿದ್ದವರು ಯಾರೂ ಕಂಡಿರಲಿಲ್ಲ. ಹೈದರಾಬಾದಿನಿಂದ ಲಾರಿಯಲ್ಲಿ ಪಿಯಾನೊ ತರಿಸಿದ್ದರು. ಔರಾದದಿಂದ ಬಸ್ಸು ತುಂಬ ಜನ ಬಂದಿದ್ದರು. ಸೀಟು ಸಿಗದವರು ಮೆಟ್ಟಿಲ ಮೇಲೆ ಕೂತು ಕೇಳಿದ್ದರು. ಪುಣೆ, ಮುಂಬೈ, ದಿಲ್ಲಿ, ಕೊಲಂಬೊ ಎಂದು ಎಲ್ಲೆಲ್ಲೋ ನುಡಿಸಿ ಬಂದವಳು ತನ್ನ ಜಿಲ್ಲೆಯಲ್ಲಿ ನುಡಿಸಿದ್ದು ಅದೇ ಮೊದಲು.

ಲಾಡ್ಜಿನ ಕೆಳಗಿನ ಹೋಟೆಲಿನಲ್ಲಿ ಕೂತು ಅವಳು ಎರಡನೆಯ ಪ್ಲೇಟು ಪೂರಿ ಹೇಳಿದಳು. ಎದುರಿಗೆ ಕೂತ ಇಬ್ಬರೂ ಮೊದಲನೆಯದನ್ನೇ ಮುಟ್ಟಿಲ್ಲ ಎಂಬುದು ಅವಳ ಲಕ್ಷ್ಯಕ್ಕೆ ಬರಲಿಲ್ಲ.

ಒಬ್ಬ ಕುತುಬೋದ್ದೀನ. ಹೈದರಾಬಾದಿನವನಾದರೂ ತಾಯಿಯ ತವರು ಬೀದರಿನ ಚೌಬಾರದ ಹತ್ತಿರ. ಸಾಲೆಯ ರಜೆಯನ್ನೆಲ್ಲ ಅಲ್ಲೇ ಕಳೆದು, ಓಣಿಯ ಹುಡುಗರ ಜೊತೆ ಆಡುತ್ತ ಕನ್ನಡ ಕಲಿತವನು. ಅವನದು ಚೆಲ್ಲೊ, ಮೊಣಕಾಲುಗಳ ನಡುವೆ ಹಿಡಿದು ನುಡಿಸುವ ದೊಡ್ಡ ಪಿಟೀಲು ಎನ್ನಬಹುದು. ಇನ್ನೊಬ್ಬಳು ಪುಣೆಯ ಪ್ರಣಿತಾ, ವಯೊಲಿನ್ ನುಡಿಸುವವಳು. ಸುಮನಳಿಗಿಂತ ಚಿಕ್ಕವಳು, ಅವಳನ್ನು ದೀದಿ ಎಂದು ಕರೆಯುತ್ತಿದ್ದಳು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಸುಮನಳ ಪಿಯಾನೊ ಸೇರಿ ಈ ಮೂರು ವಾದ್ಯಗಳಿಗೆಂದೇ ಬರೆದ ಕೃತಿಗಳು ಬೇಕಾದಷ್ಟಿವೆ. ಅವನ್ನು ನುಡಿಸುವಾಗ ತಾಳ ಹಾಕುವವರು ಇರುವುದಿಲ್ಲ, ಮುಂದೆ ನಿಂತು ಕೈ ಆಡಿಸುವವರೂ ಇರುವುದಿಲ್ಲ. ಒಬ್ಬರ ಉಸಿರನ್ನು ಇನ್ನೊಬ್ಬರು ಕೇಳಿಕೊಂಡು ಹೋಗಬೇಕು. ಹನ್ನೊಂದು ವರ್ಷದಿಂದ ಈ ಮೂವರೂ ಹಾಗೆ ಒಟ್ಟಿಗೆ ನುಡಿಸುತ್ತಿದ್ದರು. ಆ ಸಂಜೆ ಭಾಲ್ಕಿಯಲ್ಲಿ ಇನ್ನೊಂದು ಕಛೇರಿ ಇತ್ತು.

"ಸುಮನ, ಒಂದು ಮಾತು ಹೇಳೂದದ," ಅಂದ ಕುತುಬೋದ್ದೀನ. ಚಹಾದ ಕಪ್ಪನ್ನು ತಿರುಗಿಸುತ್ತ, ಅವಳ ಮುಖ ನೋಡದೆ ಹೇಳಿದ. "ಮಳಿಗಾಲದಿಂದ ನಾವಿಬ್ಬರು ಬ್ಯಾರೆಯವರ ಸಂಗಟ ನುಡಿಸ್ಲಾಕತ್ತೀವಿ. ಇನ್ನ ಮ್ಯಾಲ ಅವರ ಸಂಗಟನೇ. ಇವತ್ತ ಭಾಲ್ಕಿದು ಮುಗಿದ್ರ, ನಿನ್ನ ಸಂಗಟ ಇಲ್ಲ."

ಸುಮನ ನಕ್ಕಳು. ಅವನು ಚೇಷ್ಟೆ ಮಾಡುವ ಮನುಷ್ಯನೇ. ಪ್ರಣಿತಾಳ ಕಡೆ ನೋಡಿದಳು. ಪ್ರಣಿತಾಳ ಕಣ್ಣು ತುಂಬಿ ಮೂಗು ಕೆಂಪಾಗಿತ್ತು. ಸುಮನಳ ಬಾಯಲ್ಲಿದ್ದ ತುತ್ತು ಹಾಗೇ ನಿಂತಿತು. ಯಾರ ಜೊತೆ ಎಂದು ಕೇಳಿದಳು. ಅವನು ಮುಂಬೈಯ ಪಿಯಾನೊ ವಾದಕಿಯೊಬ್ಬಳ ಹೆಸರು ಹೇಳಿದ. ಎರಡು ವರ್ಷದ ಹಿಂದೆ ಆ ಹುಡುಗಿಯ ಕಛೇರಿ ಕೇಳಿ ಬಂದು, ಚೆನ್ನಾಗಿ ನುಡಿಸುತ್ತಾಳೆ, ನೀವೂ ಕೇಳಿ ಎಂದು ಇವರಿಬ್ಬರಿಗೆ ಹೇಳಿದ್ದವಳು ಸುಮನಳೇ.

"ಯಾಕ?" ಎಂದು ಕೇಳಿದಳು.

"ನಿನ್ನ ಸಂಗಟ ನುಡಿಸೂದಂದ್ರ ಬಿಟ್ಟ ಬಸ್ಸಿನ ಹಿಂದ ಓಡಿದಂಗ ಆಗ್ತದ," ಅಂದ ಕುತುಬೋದ್ದೀನ. "ಹತ್ತಾಕ ಸಿಗ್ತದ, ಖರೆ. ಆದ್ರ ಪ್ರತಿ ಸಲ ಓಡೇ ಹತ್ತಬೇಕು. ದಣಿದೀವಿ, ಸುಮನ."

ಪ್ರಣಿತಾ ಹಿಂದಿಯಲ್ಲಿ ಏನೇನೋ ಹೇಳಿದಳು. ಎಷ್ಟೋ ಸಲ ಹೇಳಬೇಕೆಂದುಕೊಂಡೆವು, ಪ್ರತಿ ಸಲವೂ ನೀನು ನಮ್ಮ ಮಾತನ್ನೂ ಅರ್ಧಕ್ಕೇ ಹಿಡಿದು ಮುಗಿಸಿಬಿಡುತ್ತಿದ್ದೆ ಎಂಬ ಅರ್ಥದ್ದು. ಸುಮನಳಿಗೆ ಅದರಲ್ಲಿ ಅರ್ಧ ಕೇಳಿಸಲಿಲ್ಲ. ಹೋಟೆಲಿನವನು ಎರಡನೆಯ ಪ್ಲೇಟು ತಂದಿಟ್ಟ. ಪೂರಿಗಳು ಉಬ್ಬಿಕೊಂಡಿದ್ದವು. ಅವು ಒಂದೊಂದಾಗಿ ತಾವಾಗಿ ಇಳಿಯುವವರೆಗೆ ಅವಳು ನೋಡುತ್ತ ಕೂತಳು. ಆಮೇಲೆ ಎದ್ದು, ಕೈ ತೊಳೆಯುವುದನ್ನೂ ಮರೆತು, ರಸ್ತೆಗೆ ಬಂದಳು.

ಹೋದದ್ದು ರುಕ್ಮಿಣಿಬಾಯಿಯವರ ಮನೆಗೆ. ಬೇರೆಲ್ಲಿಗೆ ಹೋಗಬೇಕೆಂದು ತಿಳಿಯಲಿಲ್ಲ.

ಸುಮನಳ ತಂದೆ ಕಾಶೀರಾಮ ಔರಾದ–ಬೀದರ ಬಸ್ಸಿನ ಡ್ರೈವರಾಗಿದ್ದ. ಮಗಳು ಓದಬೇಕು ಎಂಬ ಒಂದೇ ಹಟಕ್ಕೆ ಬೀದರಿನ ಮಂಗಲಪೇಟೆಯಲ್ಲಿ ಬಾಡಿಗೆಯ ಕೋಣೆ ಹಿಡಿದಿದ್ದ. ಹೆಂಡತಿ ಶಾಲುಬಾಯಿ ಹೊಲದ ಕೆಲಸಕ್ಕೆ ಔರಾದದಲ್ಲಿ ಇದ್ದಾಗ ಹುಡುಗಿ ಸಂಜೆ ಸಾಲೆ ಬಿಟ್ಟ ಮೇಲೆ ಅಪ್ಪನ ಬಸ್ಸು ಬರುವವರೆಗೆ ಚರ್ಚಿನ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಒಳಗೆ ಹಳೆಯದೊಂದು ಪಿಯಾನೊ ಇತ್ತು. ಅದನ್ನು ನುಡಿಸುತ್ತಿದ್ದವರು ರುಕ್ಮಿಣಿಬಾಯಿ, ಅದೇ ಚರ್ಚಿನ ಸಭೆಯವರು, ಸಾಲೆಯಲ್ಲಿ ಟೀಚರು. ಬೌದ್ಧರ ಮನೆಯ ಹುಡುಗಿ ಕಿಟಕಿಗೆ ಮುಖ ಹಚ್ಚಿ ನಿಲ್ಲುವುದನ್ನು ಒಂದು ವಾರ ನೋಡಿದರು. ಆಮೇಲೆ ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದರು.

ಮೂರು ವರ್ಷದಲ್ಲಿ ಆದಿತ್ಯವಾರದ ಪ್ರಾರ್ಥನೆಗೆ ಸುಮನಳೇ ನುಡಿಸುವಂತಾಯಿತು. ಸಭೆಯ ಜನ ಭಕ್ತಿಯಿಂದ ಹಾಡುತ್ತಿದ್ದರು, ಆದರೆ ಪ್ರತಿ ಸಾಲಿನ ಕೊನೆಯನ್ನು ಎಳೆದು ಎಳೆದು ನಿದ್ದೆಗೆ ಇಳಿಸಿಬಿಡುತ್ತಿದ್ದರು. ರುಕ್ಮಿಣಿಬಾಯಿ ಪಕ್ಕದಲ್ಲಿ ನಿಂತು ಕಿವಿಯಲ್ಲಿ ಹೇಳುತ್ತಿದ್ದರು, ಅವರಿಗೋಸ್ಕರ ನಿಲ್ಲಬೇಡ, ನೀನು ನಡಿ, ಅವರು ಬರುತ್ತಾರೆ ಎಂದು. ಹುಡುಗಿ ನಡೆದಳು. ಅವಳ ಕೈಯಲ್ಲಿ ಅಂಥದೊಂದು ಬಲ ಇತ್ತು. ಇಡೀ ಚರ್ಚು ಅವಳ ಬೆನ್ನಿಗೆ ಬರುತ್ತಿತ್ತು. ಹೈದರಾಬಾದಿನಲ್ಲಿ ಪರೀಕ್ಷೆ ಕೊಟ್ಟಾಗ ಪರೀಕ್ಷಕರು ಮೆಚ್ಚಿದ್ದು ಆ ಬಲವನ್ನೇ. ವಿದ್ಯಾರ್ಥಿವೇತನ ಸಿಕ್ಕಿ ವಿಯೆನ್ನಾಕ್ಕೆ ಹೋಗಿ ನಾಲ್ಕು ವರ್ಷ ಕಲಿತಾಗಲೂ ಅಲ್ಲಿಯ ಗುರುಗಳು ಹೊಗಳಿದ್ದು ಅದನ್ನೇ. ತಿರುಗಿ ಬಂದು ಪುಣೆಯಲ್ಲಿ ನೆಲೆಸಿ ಒಬ್ಬಳೇ ಕೂತು ಕಛೇರಿ ಕೊಟ್ಟಳು. ಹೆಸರು ಬಂತು. ಆದರೆ ಅವಳಿಗೆ ಜೀವ ಇದ್ದದ್ದು ಮೂವರ ಸಂಗೀತದಲ್ಲಿ. ಒಬ್ಬಳೇ ನುಡಿಸಿದ ರಾತ್ರಿ ಒಬ್ಬಳೇ ಊಟ ಮಾಡಬೇಕಾಗುತ್ತದೆ ಎಂದು ತಮಾಷೆ ಮಾಡುತ್ತಿದ್ದಳು. ಪ್ರಣಿತಾ, ಕುತುಬೋದ್ದೀನ ಸಿಕ್ಕ ಮೇಲೆ ಮದುವೆಯ ಮಾತನ್ನೂ ಅವಳು ತೆಗೆಯಲಿಲ್ಲ. ಮನೆಯವರೂ ಬರಬರುತ್ತ ಬಿಟ್ಟರು.

ರುಕ್ಮಿಣಿಬಾಯಿಗೆ ಈಗ ವಯಸ್ಸಾಗಿತ್ತು. ಅಂಗಳದಲ್ಲಿ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಹಿಂದಿನ ಸಂಜೆ ಮೊದಲ ಸಾಲಿನಲ್ಲೇ ಕೂತು ಕೇಳಿದ್ದರು. ಸುಮನ ಅವರ ಕಾಲ ಹತ್ತಿರ ಮೆಟ್ಟಿಲ ಮೇಲೆ ಕೂತಳು. ಹೋಟೆಲಿನ ಸಂಗತಿ ಹೇಳಲಿಲ್ಲ.

"ನಿನ್ನಿ ಹ್ಯಾಂಗ ಆಯ್ತ್ರಿ, ಟೀಚರ್? ಖರೆ ಹೇಳ್ರಿ."

"ಛಂದ ಆಯ್ತು."

"ಮತ್ತ?"

ರುಕ್ಮಿಣಿಬಾಯಿ ಬಿಸಿಲಿಗೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. "ಆ ವಯೊಲಿನ್ ಹುಡುಗಿಗಿ ನೀ ಉಸಿರು ತಗೊಳ್ಳಾಕ ಬಿಡವಲ್ಲಿ. ಆಕಿ ಒಂದು ಸ್ವರದ ಮ್ಯಾಲ ನಿಂದರಬೇಕು ಅಂತಾಳ, ನೀ ಎಳಕೊಂಡು ಹೋಗ್ತಿ. ನಿನಗ ಗೊತ್ತದ ಅಂತ ತಿಳಕೊಂಡಿದ್ದೆ ನಾ."

ಹೋಟೆಲಿನಿಂದ ಇಲ್ಲಿಗೆ ನಡೆದು ಬರುವಾಗ ಸುಮನ ಒಂದು ವಾದ ಕಟ್ಟಿಕೊಂಡಿದ್ದಳು: ಇದೆಲ್ಲ ನೆಪ, ಮುಂಬೈಯವಳು ಏನೋ ಆಸೆ ತೋರಿಸಿದ್ದಾಳೆ, ಇವರು ಬಿದ್ದಿದ್ದಾರೆ ಎಂದು. ಆ ವಾದ ಅಂಗಳದಲ್ಲೇ ಕುಸಿಯಿತು.

"ನೀವೇ ಕಲಿಸಿದ್ದಲ್ರಿ ಅದು?" ಅಂದಳು.

"ನಾ ಕಲಿಸಿದ್ದು ಹಾಡ್ಲಾಕ ಬರಲಾರದವರ ಸಂಗಟ ನುಡಿಸೂದು," ಅಂದರು ರುಕ್ಮಿಣಿಬಾಯಿ. "ಇವರಿಗಿ ಬರ್ತದಲ್ಲ, ಬಾಯಿ."

ಭಾಲ್ಕಿಯ ಕಾರ್ಯಕ್ರಮವನ್ನು ಏರ್ಪಡಿಸಿದ್ದವರು ಅಲ್ಲಿಯ ಕಾಲೇಜಿನ ಉಪನ್ಯಾಸಕ ಸತೀಶಕುಮಾರ. ಅವರಿಗೆ ಫೋನು ಮಾಡಿ ಜ್ವರ ಬಂದಿದೆ ಎಂದು ಹೇಳಿಬಿಡೋಣ ಎಂದು ಸುಮನ ಎರಡು ಸಲ ನಂಬರು ಒತ್ತಿದಳು. ಎರಡನೆಯ ಸಲ ಅವರು ಎತ್ತಿದರು. ಇವಳು ಬಾಯಿ ತೆರೆಯುವ ಮೊದಲೇ ಪಿಯಾನೊ ಬಂದು ಇಳಿದಿದೆ, ಶ್ರುತಿ ಮಾಡುವವರು ಕೂತಿದ್ದಾರೆ, ಹಳ್ಳಿಗಳಿಂದ ಜನ ಆಗಲೇ ಬರತೊಡಗಿದ್ದಾರೆ ಎಂದು ಸಂಭ್ರಮದಿಂದ ಹೇಳಿದರು. ಅವಳು ಬರುತ್ತೇನೆ ಎಂದಳು.

ಕುತುಬೋದ್ದೀನನ ಕಾರಿನಲ್ಲಿ ಹೋಗಲು ಮನಸ್ಸಾಗಲಿಲ್ಲ. ಔರಾದದಿಂದ ಬಂದಿದ್ದ ಅಪ್ಪನ ಜೊತೆ ಬಸ್ಸಿನಲ್ಲಿ ಹೋದಳು. ನೌಕರಿಯಿಂದ ನಿವೃತ್ತನಾಗಿದ್ದ ಕಾಶೀರಾಮನಿಗೆ ಏನೂ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಅವನು ಆ ಇಬ್ಬರ ಗುಣಗಾನವನ್ನೇ ಮಾಡಿದ. ಕಛೇರಿಯ ಹಿಂದಿನ ದಿನ ಅವರಿಬ್ಬರೂ ಔರಾದದ ಮನೆಗೆ ಬಂದು ನೆಲದ ಮೇಲೆ ಕೂತು ಊಟ ಮಾಡಿದ್ದು, ಪ್ರಣಿತಾ ಎರಡೆರಡು ಸಲ ಬ್ಯಾಳಿ ಹಾಕಿಸಿಕೊಂಡದ್ದು, ಕುತುಬೋದ್ದೀನ ಶಾಲುಬಾಯಿಯನ್ನು ಅಮ್ಮಿ ಎಂದದ್ದು. ಕಾಶೀರಾಮನ ತೊಡೆಯ ಮೇಲೆ ಒಂದು ಗಂಟಿತ್ತು. ಅವರಿಗೆ ಕೊಡು ಎಂದು ಶಾಲುಬಾಯಿ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಸುಮನ ಕಿಟಕಿಯ ಕಡೆ ಮುಖ ತಿರುಗಿಸಿದಳು. ಹೊಲಗಳಲ್ಲಿ ತೊಗರಿ ಕೊಯ್ಲಿಗೆ ಬಂದಿತ್ತು. ಊಟಕ್ಕೆ ಕೂತಾಗಲೂ ಅವರಿಗೆ ಗೊತ್ತಿತ್ತು ಎಂಬುದು ಅವಳಿಗೆ ಆಗ ಹೊಳೆಯಿತು.

ಭಾಲ್ಕಿಯ ಸಭಾಂಗಣದ ಹಿಂದಿನ ಕೋಣೆಯಲ್ಲಿ ಕಾಶೀರಾಮ ಆ ಗಂಟನ್ನು ತಾನೇ ಪ್ರಣಿತಾಳ ಕೈಗೆ ಕೊಟ್ಟ. ಅವಳು ಎರಡೂ ಕೈ ಚಾಚಿ ತೆಗೆದುಕೊಂಡಳು. ತಲೆ ಎತ್ತಲಿಲ್ಲ. ಅವಳಿಗೆ ಆಯಾಸವಾಗಿದೆ ಎಂದುಕೊಂಡು ಕಾಶೀರಾಮ ನೀರು ತರಲು ಹೋದ.

ಕಛೇರಿಯ ಮೊದಲ ಭಾಗ ಹೇಗೋ ಹೋಯಿತು. ಎರಡನೆಯ ಭಾಗ ನಿಧಾನದ್ದು. ಜರ್ಮನಿಯ ಹಳೆಯ ಸಂಗೀತಗಾರನೊಬ್ಬ ಬರೆದದ್ದು. ಮೂವರೂ ಊರೂರಿನಲ್ಲಿ ನುಡಿಸಿ ಸವೆಸಿದ್ದ ಕೃತಿ. ಚೆಲ್ಲೊ ಒಂದೇ ಹಾಡಿಕೊಂಡು ಬರುತ್ತದೆ, ಒಂದು ತಿರುವಿನಲ್ಲಿ ವಯೊಲಿನ್ ಮತ್ತು ಪಿಯಾನೊ ಜೊತೆಯಾಗಿ ಸೇರಬೇಕು. ಯಾವಾಗಲೂ ಅಲ್ಲಿ ಸುಮನ ಹೊರಡುತ್ತಿದ್ದಳು, ಪ್ರಣಿತಾ ಸೇರಿಕೊಳ್ಳುತ್ತಿದ್ದಳು. ಆ ಸಂಜೆ ಸುಮನ ಹೊರಡಲಿಲ್ಲ. ಬೇಕೆಂದು ಮಾಡಿದ್ದಲ್ಲ. ಪ್ರಣಿತಾಳ ಉಸಿರು ಕೇಳಿಸಲಿ ಎಂದು ಕಾದಳು. ಪ್ರಣಿತಾ ಯಾವಾಗಿನಂತೆ ಪಿಯಾನೊ ತನ್ನನ್ನು ಎಳೆಯಲಿ ಎಂದು ಕಾದಳು. ಕುತುಬೋದ್ದೀನ ಒಬ್ಬನೇ ಮುಂದೆ ಹೋಗಿ, ಹಿಂದೆ ಯಾರೂ ಇಲ್ಲದ್ದು ತಿಳಿದು, ತಡವರಿಸಿ, ತಂತಿಯಿಂದ ಕಮಾನು ಎತ್ತಿದ.

ಸಂಗೀತ ನಿಂತುಹೋಯಿತು.

ಸುಮನ ಇಷ್ಟು ವರ್ಷದಲ್ಲಿ ಕೆಟ್ಟ ಸ್ವರ ನುಡಿಸಿದ್ದಳು, ಮರೆತಿದ್ದಳು, ಕರೆಂಟು ಹೋಗಿ ಕತ್ತಲೆಯಲ್ಲಿ ನುಡಿಸಿದ್ದಳು. ನಿಂತಿರಲಿಲ್ಲ. ಸಭೆಯಲ್ಲಿ ಫ್ಯಾನುಗಳ ಸಪ್ಪಳ ಕೇಳಿಸಿತು. ಯಾರದೋ ಮಗು ಏನೋ ಕೇಳಿತು, ತಾಯಿ ಸುಮ್ಮನಿರಿಸಿದಳು. ಸುಮನಳ ಕೈಗಳು ಪಿಯಾನೊದ ಕಪ್ಪು-ಬಿಳಿ ಮನೆಗಳ ಮೇಲೆ ಇದ್ದವು, ಆದರೆ ಅವು ತನ್ನವು ಅನಿಸಲಿಲ್ಲ. ಪ್ರಣಿತಾ ಬಿಳಚಿಕೊಂಡು ಅವಳನ್ನೇ ನೋಡುತ್ತಿದ್ದಳು. ಸುಮನಳ ಬಲವನ್ನು ದೂರಿದವಳು, ಆ ಬಲ ಇಲ್ಲದ ಕೂಡಲೇ ದಾರಿ ತಪ್ಪಿದ್ದಳು. ಅದರಿಂದ ಆ ಇಬ್ಬರಲ್ಲಿ ಯಾರಿಗೆ ಹೆಚ್ಚು ದಿಗಿಲಾಯಿತೋ ಹೇಳುವುದು ಕಷ್ಟ.

ಕುತುಬೋದ್ದೀನ ಮೆಲ್ಲಗೆ, ಅವರಿಬ್ಬರಿಗಷ್ಟೇ ಕೇಳುವಂತೆ, ಎಲ್ಲಿಂದ ಮತ್ತೆ ಹಿಡಿಯಬೇಕೆಂದು ಹೇಳಿದ. ಆಮೇಲೆ ಕಮಾನು ತಂತಿಗೆ ತಾಗಿಸುವ ಮೊದಲು ಮೂಗಿನಿಂದ ಉಸಿರು ಎಳೆದುಕೊಂಡ. ಸಣ್ಣ ಸಪ್ಪಳ, ಕೊನೆಗೆ ಸ್ವಲ್ಪ ಸೀಟಿ ಹೊಡೆದ ಹಾಗೆ. ಸುಮನ ಬೆಚ್ಚಿದಳು. ಹನ್ನೊಂದು ವರ್ಷದಿಂದ ಅವನು ಪ್ರತಿ ಸಲ ಹೀಗೇ ಉಸಿರು ಎಳೆದುಕೊಂಡಿರಬೇಕು. ಅವಳು ಕೇಳಿದ್ದು ಈಗ.

ಉಳಿದದ್ದನ್ನು ಅವಳು ಆ ಸಪ್ಪಳದ ಹಿಂದೆ ಹಿಂದೆ ನುಡಿಸಿದಳು. ಚೆನ್ನಾಗಿ ಬಂತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಸತೀಶಕುಮಾರ ಶಾಲು ಹೊದಿಸಿದರು. ನಡುವೆ ಮೈಕು ಕೆಟ್ಟಿತ್ತೇನೋ ಎಂದು ಕಾಶೀರಾಮ ವಿಚಾರಿಸಿದ, ಅಲ್ಲಿ ಮೈಕೇ ಇರಲಿಲ್ಲ.

ವಾದ್ಯಗಳನ್ನು ಪೆಟ್ಟಿಗೆಗೆ ಹಾಕುವಾಗ ಸುಮನ ಕುತುಬೋದ್ದೀನನ ಹತ್ತಿರ ಹೋಗಿ ನಿಂತಳು. "ಕುತುಬಭಾಯಿ, ಇನ್ನೊಮ್ಮೆ ನೋಡಬಹುದಲ್ಲ?"

ಅವನು ಚೆಲ್ಲೊದ ಕುತ್ತಿಗೆಯನ್ನು ಬಟ್ಟೆಯಿಂದ ಒರೆಸುತ್ತಿದ್ದ. "ಇಲ್ಲ, ಸುಮನ. ಅವರಿಗಿ ಮಾತು ಕೊಟ್ಟೀವಿ," ಅಂದ. ಆಮೇಲೆ ಅವಳ ತಲೆಯ ಮೇಲೆ ಒಂದು ಸಲ ಕೈ ಇಟ್ಟು ತೆಗೆದ. ಕೇಳಬಾರದಿತ್ತು ಎಂದು ಅವಳಿಗೆ ಆ ಕ್ಷಣವೇ ಅನಿಸಿತು. ಕೇಳಿಯಾಗಿತ್ತು.

ಅವಳು ಪುಣೆಗೆ ಹೋಗಲಿಲ್ಲ, ಅಪ್ಪನ ಜೊತೆ ಔರಾದಕ್ಕೆ ಹೋದಳು. ಮರುದಿನ ರೊಟ್ಟಿ ಬಡಿಯುತ್ತಿದ್ದ ತಾಯಿಯ ಪಕ್ಕದಲ್ಲಿ ಕೂತು ಎಲ್ಲ ಹೇಳಿದಳು. ಶಾಲುಬಾಯಿ ಕೈ ನಿಲ್ಲಿಸಿದಳು. ಅವಳಿಗೆ ಪಿಯಾನೊದ ಸಂಗತಿ ಅಷ್ಟು ಹತ್ತಲಿಲ್ಲ. ಜಗಳವಾಯಿತೇ ಎಂದು ಕೇಳಿದಳು. ಇಲ್ಲ ಎಂದಳು ಸುಮನ. ಜಗಳವಿಲ್ಲದೆ ಬಿಡುವುದು ಹೇಗೆ ಎಂದು ತಾಯಿಗೆ ಅರ್ಥವಾಗಲಿಲ್ಲ.

"ನಮ್ಮ ಮನ್ಯಾಗ ಉಂಡು ಹೋದ್ರಲ್ಲ," ಅಂದಳು ಶಾಲುಬಾಯಿ. "ಆವಾಗ ಗೊತ್ತಿತ್ತು ಅವರಿಗಿ?"

"ಗೊತ್ತಿತ್ತು."

"ಗೊತ್ತಿದ್ದೂ ಗಂಟಲಾಗ ಹ್ಯಾಂಗ ಇಳೀತು?"

"ಅವರದೇನು ತಪ್ಪಿಲ್ಲ, ಅವ್ವ," ಎಂದಳು ಸುಮನ. ಹೇಳಿದ ಮೇಲೆ ಅವಳಿಗೇ ಸೋಜಿಗವಾಯಿತು. ಶಾಲುಬಾಯಿ ಒಪ್ಪಲಿಲ್ಲ. ಆ ರೊಟ್ಟಿಯ ಗಂಟಿನ ಮಾತನ್ನು ಅವಳು ಈಗಲೂ ಆಡುತ್ತಾಳೆ.

ಔರಾದದಲ್ಲಿ ಪಿಯಾನೊ ಇರಲಿಲ್ಲ, ಅದೇ ಒಳ್ಳೆಯದಾಯಿತು. ಮಧ್ಯಾಹ್ನ ಮನೆಯವರು ಹೊಲಕ್ಕೆ ಹೋದಾಗ ಅವಳು ಫೋನಿನಲ್ಲಿ ಮೂವರ ಹಳೆಯ ಧ್ವನಿಮುದ್ರಣಗಳನ್ನು ಹಾಕಿಕೊಂಡು ಕೇಳಿದಳು. ಮುಂಚೆಯೂ ಎಷ್ಟೋ ಸಲ ಕೇಳಿದ್ದಳು, ಆದರೆ ತನ್ನ ಸ್ವರಗಳನ್ನಷ್ಟೇ. ಈ ಸಲ ಪ್ರಣಿತಾಳನ್ನು ಹಿಡಿದು ಕೇಳಿದಳು. ದಿಲ್ಲಿಯದರಲ್ಲಿ ಇತ್ತು, ಕೊಲಂಬೊದ್ದರಲ್ಲಿ ಇತ್ತು, ತೀರ ಮೊದಲಿನ ವರ್ಷದ್ದರಲ್ಲೂ ಇತ್ತು. ವಯೊಲಿನ್ ಒಂದು ಸ್ವರದ ಮೇಲೆ ಅರಳಲು ಹೊರಡುತ್ತದೆ, ಪಿಯಾನೊ ಅದರ ಕಾಲ ಕೆಳಗಿನ ಚಾಪೆ ಎಳೆಯುತ್ತದೆ. ಒಮ್ಮೆ ಕೇಳಿದ ಮೇಲೆ ಕೇಳದಿರಲು ಆಗಲಿಲ್ಲ. ಹೊಗಳಿದವರೆಲ್ಲ ಇದನ್ನು ಕೇಳಿದ್ದರೇ? ಕೇಳಿಯೂ ಸುಮ್ಮನಿದ್ದರೇ? ಫೋನನ್ನು ಮಗ್ಗುಲಿಗಿಟ್ಟು, ಗೋಡೆಗೆ ಒರಗಿ, ಹೊಲದವರು ತಿರುಗಿ ಬರುವವರೆಗೆ ಕೂತಿರುತ್ತಿದ್ದಳು. ಮುದುಕಿ ಟೀಚರಿಗೆ ಒಂದೇ ಸಂಜೆಯಲ್ಲಿ ಕೇಳಿಸಿದ್ದು ತನಗೆ ಹನ್ನೊಂದು ವರ್ಷ ಕೇಳಿಸಲಿಲ್ಲ ಎಂಬುದು, ಇಬ್ಬರು ಬಿಟ್ಟುಹೋದದ್ದಕ್ಕಿಂತ ದೊಡ್ಡ ಪೆಟ್ಟಾಯಿತು.

ತೊಗರಿಯ ರಾಶಿ ಮುಗಿದ ಮೇಲೆ ಪುಣೆಗೆ ಹೋಗಿ ಮನೆ ಖಾಲಿ ಮಾಡಿ ಹೈದರಾಬಾದಿಗೆ ಬಂದಳು. ಅಪ್ಪ ಅವ್ವನಿಗೆ ಹತ್ತಿರವಾಗುತ್ತದೆ ಎಂದು ಎಲ್ಲರಿಗೂ ಹೇಳಿದಳು. ಪುಣೆಯ ರಸ್ತೆಗಳಲ್ಲಿ ಪ್ರಣಿತಾ ಎದುರಾದರೆ ಎಂಬ ಅಂಜಿಕೆಯೂ ಇತ್ತು. ಒಬ್ಬಳೇ ನುಡಿಸುವ ಕಛೇರಿಗಳು ನಿಲ್ಲಲಿಲ್ಲ. ಅಲ್ಲಿ ಎಳೆಸಿಕೊಳ್ಳುವವರು ಯಾರೂ ಇರಲಿಲ್ಲವಲ್ಲ.

ಮುಂದಿನ ಮಳೆಗಾಲದಲ್ಲಿ ಹಳೆಯ ಇಬ್ಬರೂ ಹೊಸಬಳ ಜೊತೆ ಹೈದರಾಬಾದಿನಲ್ಲಿ ನುಡಿಸಲು ಬಂದರು. ಸುಮನ ಟಿಕೆಟ್ಟು ತೆಗೆದುಕೊಂಡು ಹಿಂದಿನ ಸಾಲಿನಲ್ಲಿ ಕೂತಳು. ಕೆಟ್ಟದಾಗಿರಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡದ್ದನ್ನು ಅವಳು ಮುಚ್ಚಿಡುವುದಿಲ್ಲ. ಭಾಲ್ಕಿಯಲ್ಲಿ ನಿಂತುಹೋದ ಅದೇ ಕೃತಿ. ಅದೇ ತಿರುವು ಬಂತು. ಮುಂಬೈಯ ಹುಡುಗಿ ತಲೆ ಎತ್ತಿ ಪ್ರಣಿತಾಳನ್ನು ನೋಡಿದಳು, ಪ್ರಣಿತಾ ಉಸಿರು ಎಳೆದುಕೊಂಡಳು, ಮೂರು ವಾದ್ಯಗಳೂ ಒಂದೇ ಬಾಗಿಲಿನಿಂದ ಒಳಗೆ ಬಂದವು. ವಯೊಲಿನ್ ಹಾಗೆ ನಿಂತು ಹಾಡುವುದನ್ನು ಸುಮನ ಎಂದೂ ಕೇಳಿರಲಿಲ್ಲ. ಇಷ್ಟು ದೊಡ್ಡ ಕಲಾವಿದೆಯ ಪಕ್ಕದಲ್ಲಿ ಇಷ್ಟು ವರ್ಷ ಕೂತಿದ್ದೆನೇ ಎಂದು ಅವಳಿಗೆ ಅನಿಸಿತು. ಪಕ್ಕದವರು ಚಪ್ಪಾಳೆ ತಟ್ಟುವಾಗ ಅವಳ ಕೈ ಏಳಲಿಲ್ಲ.

ಆದರೂ ಹಿಂದಿನ ಕೋಣೆಗೆ ಹೋದಳು. ಪ್ರಣಿತಾ ಅವಳನ್ನು ಕಂಡು ವಯೊಲಿನ್ ಹಿಡಿದುಕೊಂಡೇ ಗಕ್ಕನೆ ಎದ್ದಳು. ನೀನು ನುಡಿಸುವುದನ್ನು ನಾನು ಕೇಳಿದ್ದು ಇವತ್ತು ಎಂದಳು ಸುಮನ, ಹಿಂದಿಯಲ್ಲಿ. ಮುಂಬೈಯವಳಿಗೂ ಕೈ ಕೊಟ್ಟು, ಕುತುಬೋದ್ದೀನ ಚಹಾ ತರಿಸುತ್ತೇನೆಂದರೂ ನಿಲ್ಲದೆ ಬಂದಳು. ಈಗ ಅವರ ನಡುವೆ ಹಬ್ಬಕ್ಕೊಂದು ಫೋನು ಇದೆ. ಅಷ್ಟೇ.

ಈಚೆಗೆ ಅವಳು ಮತ್ತೆ ಮೂವರ ಸಂಗೀತ ಶುರು ಮಾಡಿದ್ದಾಳೆ. ಜೊತೆಗಿರುವ ಇಬ್ಬರೂ ಎಳೆಯರು. ಚೆಲ್ಲೊ ನುಡಿಸುವವಳು ಸುವರ್ಣಾ, ಜನವಾಡದ ಕಡೆಯ ಮನೆತನ, ಹೈದರಾಬಾದಿನಲ್ಲೇ ಬೆಳೆದವಳು. ಮೊದಲ ದಿನದ ತಾಲೀಮಿನಲ್ಲಿ ಸುಮನ ಮೈಯೆಲ್ಲ ಕಿವಿಯಾಗಿ ಕೂತು ನುಡಿಸಿದಳು. ಈ ಸಲ ತಪ್ಪಿಲ್ಲ ಎಂದು ಅವಳಿಗೆ ಖಾತ್ರಿ ಇತ್ತು. ಎರಡನೆಯ ಪುಟದಲ್ಲೇ ಸುವರ್ಣಾ ಕಮಾನು ಎತ್ತಿ ಹಿಡಿದು ನಿಲ್ಲಿಸಿದಳು.

"ಮೇಡಂ, ನೀವು ಮುಂದ ಹೋದ್ರಿ."

ಸುಮನ ಅವಳ ಮುಖವನ್ನೇ ನೋಡಿದಳು. ಕೆನ್ನೆಗೆ ರಕ್ತ ಏರಿದ್ದು ಅವಳಿಗೇ ಗೊತ್ತಾಯಿತು.

"ಎಲ್ಲಿ?" ಎಂದು ಕೇಳಿದಳು.

ಸುವರ್ಣಾ ಎದ್ದು ಬಂದು ಹಾಳೆಯ ಮೇಲೆ ಬೆರಳಿಟ್ಟು ತೋರಿಸಿದಳು. ಸುಮನ ಪೆನ್ಸಿಲಿನಿಂದ ಅಲ್ಲೊಂದು ಗೆರೆ ಎಳೆದಳು. ಮೂವರೂ ಮೊದಲಿನಿಂದ ಹಿಡಿದರು.